ಬಾವಿಯ ದೀಪಕ್ಕೆ ಅಡ್ಡ ಹಿಡಿದ ಕೈ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದ್ದ ಒಂದು ಸೋಮವಾರ ಬೆಳಿಗ್ಗೆ ವೆಂಕಟಲಕ್ಷ್ಮಮ್ಮ ಬಾವಿಕಟ್ಟೆಯ ಮೇಲೆ ಪೂಜೆಯ ತಟ್ಟೆ ಇಟ್ಟು, ಊದುಬತ್ತಿ ಹಚ್ಚಲು ಬೆಂಕಿಕಡ್ಡಿ ತೆಗೆದರು. ಕಡ್ಡಿ ಇನ್ನೂ ಪೆಟ್ಟಿಗೆಗೆ ತಾಗಿರಲಿಲ್ಲ. ಗೇಟಿನ ಕಡೆಯಿಂದ "ಬೇಡ ಬೇಡ ಬೇಡ" ಎನ್ನುತ್ತ ಹೆಲ್ಮೆಟ್ ತೊಟ್ಟ ಒಬ್ಬ ಯುವಕ ಓಡಿಬಂದ. ಬಂದವನೇ ಸಸಿಗಳಿಗೆಂದು ತುಂಬಿಟ್ಟಿದ್ದ ಬಕೆಟ್ಟನ್ನು ಎತ್ತಿ ತಟ್ಟೆಯ ಮೇಲೂ ಅಜ್ಜಿಯ ಕೈಯ ಮೇಲೂ ಸುರಿದುಬಿಟ್ಟ.

ಅರಿಶಿನ ಕುಂಕುಮ ಎರಡೂ ಕಲಸಿಕೊಂಡು ಬಾವಿಕಟ್ಟೆಯ ಕಲ್ಲಿನ ಮೇಲೆ ಹರಿದವು. ದಾಸವಾಳದ ಸಸಿಗಳಿಗೆ ಮಣ್ಣು ತುಂಬುತ್ತಿದ್ದ ಕೀರ್ತನಾ ಕೈಯಲ್ಲಿದ್ದ ಚಿಕ್ಕ ಗುದ್ದಲಿಯ ಸಮೇತ ಎದ್ದು ಬಂದಳು.

"ಏನ್ರೀ, ಕಣ್ಣು ಕಾಣ್ಸಲ್ವಾ? ದೇವ್ರ ತಟ್ಟೆಗೆ ನೀರ್ ಎರಚ್ತೀರಲ್ಲ!"

"ಸಾರಿ ಮೇಡಂ. ಸಾರಿ ಅಜ್ಜಿ. ಬಾವಿ ತುಂಬ ಪೆಟ್ರೋಲ್ ಆವಿ ಇದೆ. ಒಂದು ಕಿಡಿ ಬಿದ್ದಿದ್ರೆ..."

"ಪೆಟ್ರೋಲ್ ಇದೆ ಅಂತ ಸಂಕ್ರಾಂತಿಯಿಂದ ಬಾಯಿ ಬಡ್ಕೊಂಡು ಕಂಪ್ಲೇಂಟ್ ಕೊಟ್ಟೋಳೇ ನಾನು. ಈಗ ನಂಗೇ ಪಾಠ ಹೇಳಕ್ ಬಂದ್ರಾ?"

ಅವನು ಹೆಲ್ಮೆಟ್ ತೆಗೆದ. ಹಣೆಯ ಮೇಲೆ ಅದರ ಅಂಚು ಒತ್ತಿ ಒಂದು ಕೆಂಪು ಗೆರೆ ಮೂಡಿತ್ತು. "ಹಾಗಾದ್ರೆ ಕೀರ್ತನಾ ಅಂದ್ರೆ ನೀವೇನಾ? ನಿಮ್ಮ ಕಂಪ್ಲೇಂಟ್ ನೋಡೋಕೇ ನನ್ನ ಕಳ್ಸಿರೋದು. ಗಿರಿರಾಜ್ ಅಂತ. ಪೆಟ್ರೋಲು ಡೀಸೆಲ್ಲು ಎಲ್ಲಿ ಸೋರ್ತಿದೆ ಅಂತ ಹುಡುಕೋದೇ ನಮ್ಮ ಕಂಪನಿ ಕೆಲಸ."

ಅಜ್ಜಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಮೊಮ್ಮಗಳನ್ನು ನೋಡಿ ನಕ್ಕರು. "ಓಗ್ಲಿ ಬುಡಮ್ಮಿ. ಗಂಗಮ್ಮನ್ಗೆ ಅಭಿಸೇಕ ಆದಂಗಾಯ್ತು. ಆ ಗುದ್ಲಿ ಕೆಳಗಿಕ್ಕು, ಉಡುಗ ಎದ್ರಿಕೊಂಡವ್ನೆ."

ಅವನೇನೂ ಹೆದರಿಕೊಂಡಂತೆ ಕಾಣಲಿಲ್ಲ. ಗುದ್ದಲಿಯನ್ನೂ, ಅದನ್ನು ಹಿಡಿದಿದ್ದ ಮಣ್ಣು ಮೆತ್ತಿದ ಬೆರಳುಗಳನ್ನೂ ನೋಡಿ, ತುಟಿಯ ಒಂದು ಕೊನೆಯಲ್ಲಿ ನಗು ಬರುವುದನ್ನು ಕಷ್ಟಪಟ್ಟು ತಡೆದುಕೊಳ್ಳುತ್ತಿದ್ದ. ಅದು ಕೀರ್ತನಾಳಿಗೆ ಇನ್ನಷ್ಟು ಸಿಟ್ಟು ತರಿಸಿತು.

*

ಹೇರೋಹಳ್ಳಿ ಬೆಂಗಳೂರಿನ ಹೊಟ್ಟೆಗೆ ಸೇರಿ ವರ್ಷಗಳಾಗಿದ್ದವು. ತಾತ ಕೆಂಚಪ್ಪನವರ ರಾಗಿ ಹೊಲದಲ್ಲಿ ಈಗ ಮನೆಗಳು ಎದ್ದಿದ್ದವು. ಉಳಿದದ್ದು ಹಳೇ ಮನೆ, ಅದರ ಹಿಂದಿನ ತುಂಡು ಭೂಮಿ, ಭೂಮಿಯ ನಡುವೆ ಕಲ್ಲು ಕಟ್ಟಿದ ಈ ಬಾವಿ. ಕೆರೆ ಹತ್ತಿರವಿದ್ದುದರಿಂದ ಬೇಸಿಗೆಯಲ್ಲೂ ನೀರು ಬತ್ತುತ್ತಿರಲಿಲ್ಲ. ಅಪ್ಪ ಅಮ್ಮ ಕೆಂಗೇರಿಯಲ್ಲಿ ಮನೆ ಮಾಡಿದ್ದರೂ ಕೀರ್ತನಾ ಅಗ್ರಿ ಬಿಎಸ್ಸಿ ಮುಗಿಸಿ ತಾತನ ಮನೆಗೇ ಬಂದು, ಬಾವಿಯ ನೀರನ್ನು ನಂಬಿ ನರ್ಸರಿ ಹಾಕಿದ್ದಳು.

ಕಾಂಪೌಂಡಿನ ಆಚೆಗೆ ದುಂಡಪ್ಪನವರ ಪೆಟ್ರೋಲ್ ಬಂಕ್. ಸಂಕ್ರಾಂತಿಯ ಹೊತ್ತಿಗೆ ಬಾವಿ ನೀರಿನ ಮೇಲೆ ನವಿಲುಗರಿಯ ಬಣ್ಣದ ಒಂದು ಪೊರೆ ಕಾಣಿಸಿಕೊಂಡಿತು. ಮೊದಲು ವೀಳ್ಯದೆಲೆ ಬಳ್ಳಿ ಸುಟ್ಟಂತಾಯಿತು. ಆಮೇಲೆ ಗುಲಾಬಿ. ಬಿಂದಿಗೆ ಎತ್ತಿದರೆ ಸ್ಕೂಟರಿನ ವಾಸನೆ.

"ಬಂಕ್ ಬಿಟ್ರೆ ಇನ್ನೆಲ್ಲಿಂದ ಬರುತ್ತೆ?" ಎಂದು ಕೀರ್ತನಾ ಬಂಕಿನ ಮುಂದೆ ನಿಂತು ಕೂಗಾಡಿದ್ದಳು. ದುಂಡಪ್ಪ ಕೈ ಮುಗಿದು, "ತಂಗಿ, ಟ್ಯಾಂಕ್ ಹೊಸಾದೈತಿ. ನಂಬಿಕಿ ಇಲ್ಲಂದ್ರ ಚೆಕ್ ಮಾಡ್ಸೂಣು" ಎಂದಿದ್ದರು.

ಕೆಂಚಪ್ಪನವರು ಮಾತ್ರ ಬೇರೆಯದೇ ತೀರ್ಮಾನಕ್ಕೆ ಬಂದಿದ್ದರು. "ಕಾರ್ತೀಕದ್ ಕಡೇ ಸ್ವಾಮಾರದವರ್ಗೂ ನೋಡ್ತೀನಿ. ಅಷ್ಟ್ರಲ್ಲಿ ವಾಸ್ನೆ ಓಗ್ಲಿಲ್ಲ ಅಂದ್ರೆ ಮಣ್ಣು ತುಂಬ್ಸಿ ಮ್ಯಾಲೆ ಎರಡು ಮನೆ ಎತ್ತಿಸ್ತೀನಿ. ದೀಪ ಇಲ್ದಿರೋ ಬಾವಿ ಮನೇಲಿರಬಾರ್ದು."

ದೀಪದ ಮಾತು ಆ ಮನೆಯಲ್ಲಿ ಸಣ್ಣದಲ್ಲ. ಕಾರ್ತೀಕದ ಪ್ರತಿ ಸೋಮವಾರ ಸಂಜೆ ಮನೆಯ ಹೆಂಗಸು ಬಾವಿಕಟ್ಟೆಯ ಮೇಲೆ ದೀಪ ಹಚ್ಚುತ್ತಾಳೆ. ಬತ್ತಿ ಹತ್ತಿಕೊಳ್ಳುವವರೆಗೆ ಮನೆಯವರೊಬ್ಬರು ಎರಡೂ ಕೈಗಳನ್ನು ಬೊಗಸೆ ಮಾಡಿ ಗಾಳಿಗೆ ಅಡ್ಡ ಹಿಡಿಯಬೇಕು. ಹೊರಗಿನವರು ಹಿಡಿಯುವಂತಿಲ್ಲ. ವೆಂಕಟಲಕ್ಷ್ಮಮ್ಮ ಸೊಸೆಯಾಗಿ ಬಂದ ವರ್ಷದಿಂದ ಅವರ ದೀಪಕ್ಕೆ ಕೈ ಅಡ್ಡ ಹಿಡಿದವರು ಕೆಂಚಪ್ಪನವರೇ. ದಿನಕ್ಕೆ ನಾಲ್ಕು ಸಲ ಜಗಳವಾಡುವ ಆ ಇಬ್ಬರು, ದೀಪ ಹಚ್ಚುವಾಗ ಮಾತ್ರ ಮಾತಿಲ್ಲದೆ ಹತ್ತಿರ ಬಾಗುತ್ತಿದ್ದರು. ಕೀರ್ತನಾ ಚಿಕ್ಕವಳಿದ್ದಾಗಿನಿಂದ ಆ ನೋಟವನ್ನು ಕದ್ದು ನೋಡುತ್ತಿದ್ದಳು.

*

ಗಿರಿರಾಜ್‌ನ ಕೆಲಸಕ್ಕೆ ಅವಸರವೆಂಬುದು ಇರಲಿಲ್ಲ. ಒಂದು ದಿನ ಬಂಕ್ ಮುಚ್ಚಿಸಿ ಟ್ಯಾಂಕಿನೊಳಕ್ಕೆ ಪೆಟ್ರೋಲಿನ ಮಟ್ಟ ಅಳೆಯುವ ಹಿತ್ತಾಳೆಯ ಉದ್ದನೆಯ ಕೋಲು ಇಳಿಸಿದ. ಇನ್ನೊಂದು ದಿನ ಕೈಯಿಂದ ತಿರುವುವ ಬೈರಿಗೆಯಂಥ ಸಾಧನದಿಂದ ನೆಲ ಕೊರೆದು, ಮಣ್ಣನ್ನು ಅಂಗೈಯಲ್ಲಿ ಹಿಡಿದು ಮೂಸಿದ. ಬಾವಿಗೂ ಬಂಕಿಗೂ ನಡುವೆ ನಾಲ್ಕೈದು ಕಡೆ ಪೈಪು ನೆಟ್ಟು, ನೆಲದಡಿಯ ನೀರು ಯಾವ ಕಡೆಗೆ ಜಾರುತ್ತಿದೆ ಎಂದು ನೋಡಿದ. ಪ್ರತಿ ಪೈಪಿನ ಬಾಯಿಗೂ ಪೆಟ್ರೋಲ್ ಆವಿ ಅಳೆಯುವ ಮೀಟರ್ ಹಿಡಿದು, ಮೀಟರನ್ನು ನೋಡಿ, ಆಮೇಲೆ ಒಂದು ಗಳಿಗೆ ಕೀರ್ತನಾಳನ್ನು ನೋಡಿ, ಆಮೇಲೆ ಎಷ್ಟಿದೆ ಎಂದು ಹೇಳುತ್ತಿದ್ದ.

"ನನ್ನ ಮುಖದ ಮೇಲೂ ನಂಬರ್ ಬರ್ತದಾ?" ಎಂದಳು ಒಂದು ದಿನ.

"ಬರುತ್ತೆ. ಸಿಟ್ಟಿನ ರೀಡಿಂಗು. ಇವತ್ತು ನಿನ್ನೆಗಿಂತ ಕಡಿಮೆ."

ಅವಳು ಮುಖ ತಿರುಗಿಸಿ ಪೈಪಿನಿಂದ ಸಸಿಗಳಿಗೆ ನೀರು ಬಿಡತೊಡಗಿದಳು. ಬಾವಿ ಕೆಟ್ಟ ಮೇಲೆ ದುಂಡಪ್ಪನವರೇ ಕಳಿಸುತ್ತಿದ್ದ ಟ್ಯಾಂಕರ್ ನೀರು ಅದು. ಆ ನೀರು ಒಂದೇ ಕುಂಡಕ್ಕೆ ಬಹಳ ಹೊತ್ತು ಬಿದ್ದು, ಉಕ್ಕಿ, ಅವಳ ಕಾಲಿನ ಮೇಲೆ ಹರಿದಾಗಲೇ ಅವಳಿಗೆ ಎಚ್ಚರವಾದದ್ದು.

ಆದರೆ ಟ್ಯಾಂಕಿನ ಪರೀಕ್ಷೆ ಮುಗಿದ ದಿನ ಎಲ್ಲ ಕೆಟ್ಟಿತು. ಟ್ಯಾಂಕಿಗೆ ಗ್ಯಾಸ್ ತುಂಬಿ ಒತ್ತಡ ಕೊಟ್ಟು ಬಿಗಿದಿಟ್ಟಿದ್ದರು. ಒತ್ತಡ ತೋರಿಸುವ ಮುಳ್ಳು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಗಿರಿರಾಜ್ ಬಂದು ಜಗುಲಿಯ ಮೇಲೆ ಕುಳಿತು, ಅಜ್ಜಿ ಕೊಟ್ಟ ಮಜ್ಜಿಗೆಯ ಲೋಟ ಕೈಯಲ್ಲಿ ಹಿಡಿದು ಹೇಳಿದ: "ಟ್ಯಾಂಕ್ ಸೋರ್ತಿಲ್ಲ."

"ಸೋರ್ತಿಲ್ವಾ?" ಕೀರ್ತನಾ ಎದ್ದು ನಿಂತಳು. "ಹಾಗಾದ್ರೆ ನಮ್ಮ ಬಾವೀಲೇ ಪೆಟ್ರೋಲ್ ಹುಟ್ಟುತ್ತಾ? ತಾತ, ಇನ್ಮೇಲೆ ನಾವೇ ಬಂಕ್ ಹಾಕ್ಬೋದು ಬಿಡು."

"ನಾನಿನ್ನೂ ಪೂರ್ತಿ..."

"ಗೊತ್ತಾಯ್ತು ಬಿಡಿ. ದುಂಡಪ್ಪನೋರು ನಿಮ್ಮ ಕಡೆಯೋರೇ ಅಲ್ವಾ. ವಿಭೂತಿ ವಿಭೂತಿ ನೋಡ್ಕೊಂಡ್ ಮಾತಾಡ್ಕೊಂಡಿರ್ತೀರಿ."

ಮಾತು ಬಾಯಿಂದ ಹೊರಟ ಮೇಲೆ ಅದರ ಭಾರ ಅವಳಿಗೇ ತಿಳಿಯಿತು. ಗಿರಿರಾಜ್ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಮುಖದಲ್ಲಿ ಎಂದಿನ ನಗು ಇರಲಿಲ್ಲ.

"ಟ್ಯಾಂಕಿಗೆ ನಮ್ಮೋರು ನಿಮ್ಮೋರು ಗೊತ್ತಿಲ್ಲ ಕೀರ್ತನಾ. ಒತ್ತಡ ಕೊಟ್ರೆ ನಿಲ್ಲುತ್ತೆ, ಇಲ್ಲಾಂದ್ರೆ ಇಳಿಯುತ್ತೆ. ನಾನೂ ಅಷ್ಟೇ ಹೇಳೋದು."

ಅವನು ಹೋದ ಮೇಲೆ ಅಜ್ಜಿ ಬೆನ್ನು ತಿರುಗಿಸಿ ಒಳಗೆ ಹೋದರು. ಮಜ್ಜಿಗೆಯ ಲೋಟವನ್ನು ಜಗುಲಿಯಿಂದ ಎತ್ತಲೂ ಇಲ್ಲ. ಸಂಜೆಯವರೆಗೂ ಅದು ಅಲ್ಲೇ ಕುಳಿತು ಅವಳನ್ನು ನೋಡುತ್ತಿತ್ತು.

ಮರುದಿನ ಬೆಳಿಗ್ಗೆ ಗೇಟು ಕಿರ್ರೆಂದಿತು. ಕೀರ್ತನಾ ಮಲ್ಲಿಗೆ ಬಳ್ಳಿಯ ಹಿಂದೆ ಸರಿದಳು. ಬಳ್ಳಿಯಲ್ಲಿ ಎಲೆ ಕಡಿಮೆಯಿತ್ತು, ಅವಳು ಪೂರ್ತಿ ಕಾಣುತ್ತಿದ್ದಳು.

"ನಿನ್ನೆ ಒಂದು ಲೋಟ ಮಜ್ಜಿಗೆ ಬಿಟ್ಟು ಹೋಗಿದ್ದೆ," ಎಂದ ಗಿರಿರಾಜ್, ಬಳ್ಳಿಯ ಕಡೆ ನೋಡಿಯೇ. "ಇದೆಯಾ, ಇಲ್ಲ ಗಿಡಕ್ಕೆ ಹಾಕಿದ್ರಾ?"

ಅವಳು ಈಚೆ ಬಂದಳು. "ಬೇರೆ ಮಾಡ್ಕೊಡ್ತೀನಿ. ನಿನ್ನೆ ನಾನು ಹಾಗನ್ನಬಾರದಿತ್ತು."

"ಅನ್ನಬಾರದಿತ್ತು," ಎಂದು ಅವನು ಒಪ್ಪಿಕೊಂಡ. "ಕೊತ್ತಂಬರಿ ಸೊಪ್ಪು ಜಾಸ್ತಿ ಹಾಕಿ. ಕುಡಿದಾದ ಮೇಲೆ ಬಂಕಿಗೆ ಬನ್ನಿ. ಟ್ಯಾಂಕ್ ಸುಮ್ನಿದ್ದಾಗ ಸೋರ್ತಿಲ್ಲ. ಆದ್ರೆ ಗಾಡಿಗೆ ಪೆಟ್ರೋಲ್ ಹಾಕೋವಾಗ ಟ್ಯಾಂಕಿಂದ ಮಿಷಿನ್‌ವರೆಗೂ ನೆಲದ ಕೆಳಗೆ ಒಂದು ಪೈಪಲ್ಲಿ ತಳ್ತಾರೆ. ನಿನ್ನೆ ಹೇಳಕ್ ಹೊರಟಿದ್ದು ಅದನ್ನೇ."

*

ಪೈಪಿನಲ್ಲಿ ಒತ್ತಡ ನಿಲ್ಲಲಿಲ್ಲ. ಮುಳ್ಳು ಎಲ್ಲರ ಕಣ್ಣೆದುರಿಗೇ ಇಳಿಯುತ್ತ ಹೋಯಿತು. ಕೀರ್ತನಾ ಗೆದ್ದವಳಂತೆ ದುಂಡಪ್ಪನವರ ಕಡೆ ನೋಡಿದಳು. ದುಂಡಪ್ಪ ಟೋಪಿ ತೆಗೆದು ತಲೆ ಒರೆಸಿಕೊಂಡರು.

ಗಿರಿರಾಜ್ ಪೈಪು ಹೋದ ದಾರಿಯನ್ನು ಸುಣ್ಣದ ಪುಡಿಯಿಂದ ಗೆರೆ ಎಳೆದು ತೋರಿಸಿದ. ಗೆರೆ ಟ್ಯಾಂಕಿನಿಂದ ಹೊರಟು, ರಸ್ತೆ ಬದಿಗಿದ್ದ ಟೂವೀಲರ್ ಮಿಷಿನ್ನಿನ ಕಡೆಗೆ ತಿರುಗಿ, ಮೂಲೆಯಲ್ಲಿದ್ದ ಧ್ವಜದ ಕಂಬದ ಬುಡದ ಪಕ್ಕದಲ್ಲೇ ಹಾದು ಹೋಯಿತು. ಕಳೆದ ರಾಜ್ಯೋತ್ಸವಕ್ಕೆ ಊರಿನ ಸಂಘದವರು ನೆಟ್ಟ ಕಂಬ. ಅರಿಶಿನ ಕುಂಕುಮ ಬಣ್ಣದ ಬಾವುಟ ಬಿಸಿಲಿಗೆ ಸ್ವಲ್ಪ ಮಾಸಿ, ಈಗಲೂ ಅಲ್ಲಿ ಹಾರುತ್ತಿತ್ತು.

ಕೀರ್ತನಾಳ ಮುಖದಿಂದ ಗೆಲುವು ಮೆಲ್ಲಗೆ ಇಳಿಯತೊಡಗಿತು, ಆ ಮುಳ್ಳಿನ ಹಾಗೆಯೇ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಸಂಘದ ಹುಡುಗರಿಗೆ ಹಾರೆ ಹಿಡಿಯಲು ಬರುವುದಿಲ್ಲವೆಂದು ನಗೆಯಾಡಿ ಅವಳೇ ಹಾರೆ ಕಸಿದುಕೊಂಡಿದ್ದಳು. ಅಜ್ಜಿ ಜಾಗಕ್ಕೆ ಅರಿಶಿನ ಹಚ್ಚಿ ತೆಂಗಿನಕಾಯಿ ಒಡೆದಿದ್ದರು. ಸ್ವಲ್ಪ ಆಳಕ್ಕೆ ಹೋಗುತ್ತಿದ್ದಂತೆ 'ಟಣ್' ಎಂದಿತು. ದುಂಡಪ್ಪ, "ತಂಗಿ, ಒಂದೀಟು ಆ ಕಡಿ ತೋಡ್ರಿ" ಎಂದಿದ್ದರು. ಅಜ್ಜಿ ಬಿಡಲಿಲ್ಲ. "ಕಾಯಿ ಒಡ್ದ್ ಮ್ಯಾಲೆ ಗುಂಡಿ ಕದಲಿಸ್ಬಾರ್ದು. ಕಲ್ಲು ಕಣವ್ವ, ಬಲ್ವಾಗಿ ಆಕು." ಹೇರೋಹಳ್ಳಿಯ ನೆಲದಲ್ಲಿ ಹಾರೆಗೆ ಸಿಕ್ಕಿದ್ದೆಲ್ಲ ಕಲ್ಲೇ. ಅವಳು ಬಲವಾಗಿಯೇ ಹಾಕಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಕಂಬವನ್ನು ಗೌರವದಿಂದ ಕೆಳಗಿಳಿಸಿ ಬುಡ ಬಗೆದಾಗ, ಪೆಟ್ರೋಲ್ ಕುಡಿದು ಕಪ್ಪಾದ ಮಣ್ಣು ಹೊರಬಂತು. ಅದರಡಿಯಲ್ಲಿ ಪೈಪು. ಪೈಪಿನ ಜೋಡಣೆಯಲ್ಲಿ ಹಾರೆಯ ಚೂಪು ತುದಿಯ ಅಳತೆಗೇ ಒಂದು ಬಿರುಕು.

ಕೆಂಚಪ್ಪನವರು ಹೆಂಡತಿಯ ಕಡೆ ತಿರುಗಿ, "ಕಲ್ಲು ಕಣವ್ವ, ಬಲ್ವಾಗಿ ಆಕು," ಎಂದು ಅಜ್ಜಿಯ ದನಿಯನ್ನೇ ಅಣಕಿಸಿ ಹೇಳಿದರು.

"ನಂಗೇನ್ ಕಣ್ಣು ನೆಲ್ದೊಳ್ಗೈತಾ?" ಎಂದು ಅಜ್ಜಿ ರೇಗಿದರು.

ಕೀರ್ತನಾ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಗಿರಿರಾಜ್ ಅವಳ ಪಕ್ಕಕ್ಕೆ ಬಂದು ಕುಳಿತ. ನಗುತ್ತಾನೆ ಎಂದು ಅವಳು ಕಾದಳು. ಅವನು ನಗಲಿಲ್ಲ.

"ಹಾರೆ ಏಟಿಂದ ಬಿರುಕು ಬಿಟ್ಟಿದೆ ಅಂತ ಬರೀಬೇಕು. ಹಾರೆ ಯಾರ ಕೈಲಿತ್ತು ಅಂತ ನಮ್ಮ ರಿಪೋರ್ಟಲ್ಲಿ ಕೇಳಲ್ಲ," ಎಂದ ಮೆಲ್ಲಗೆ.

"ಕೇಳ್ದೇ ಇದ್ರೂ ಬರೀರಿ. ಬಂಕ್ ಮುಂದೆ ನಿಂತು ಊರೆಲ್ಲ ಕೇಳೋ ಹಂಗೆ ಕೂಗಿದೀನಿ. ಈಗ ನನ್ನ ಹೆಸರು ಬಚ್ಚಿಟ್ರೆ ಆಗಲ್ಲ."

ಅವಳು ಎದ್ದು ಸೀದಾ ದುಂಡಪ್ಪನವರ ಮುಂದೆ ಹೋಗಿ ನಿಂತು, ಎಲ್ಲರ ಎದುರಿಗೇ, "ತಪ್ಪಾಯ್ತು ಅಣ್ಣ. ನಿಮ್ದಲ್ಲ, ನಂದೇ ತಪ್ಪು," ಎಂದಳು.

ದುಂಡಪ್ಪ ಒಂದು ಗಳಿಗೆ ಅವಳನ್ನೇ ನೋಡಿ, ಹೊಟ್ಟೆ ಕುಲುಕುವಂತೆ ನಕ್ಕರು. "ನಿನ್ನ ತೋಳಾಗ ಏನ್ ಬಲಾ ಐತೆವಾ! ಪೈಪು ಅಷ್ಟ್ ಮ್ಯಾಲ ಹಾಕಿದ್ದು ನಮ್ಮವ್ರ ತಪ್ಪೂ ಐತಿ. ಇರ್ಲಿ. ಬರೂ ರಾಜ್ಯೋತ್ಸವಕ್ಕ ಕಂಬ ನಾನ ನಿಲ್ಲಸ್ತೀನಿ, ಡ್ರಮ್ಮಿನಾಗ ಕಾಂಕ್ರೀಟ್ ಹಾಕಿ. ನೀ ಹಾರಿ ತರಬ್ಯಾಡ, ಬಾವುಟ ಅಷ್ಟ ತಾ."

ತಿರುಗಿ ಬರುವಾಗ ಅವಳ ಕಣ್ಣು ತುಂಬಿತ್ತು. ಗಿರಿರಾಜ್ ಅವಳನ್ನು ನೋಡುತ್ತಿದ್ದ. ಮೀಟರ್ ಕೆಳಗಿತ್ತು. ಬರೀ ಅವಳನ್ನೇ ನೋಡುತ್ತಿದ್ದ.

*

ಸೋರಿಕೆ ನಿಲ್ಲಿಸುವುದು ಒಂದು ವಾರದ ಕೆಲಸವಾಯಿತು. ನೆಲಕ್ಕಿಳಿದದ್ದನ್ನು ತೆಗೆಯುವುದಕ್ಕೆ ಮಾತ್ರ ಋತುಗಳೇ ಬೇಕಾದವು.

ಪೆಟ್ರೋಲ್ ಕುಡಿದ ಮಣ್ಣನ್ನು ಲಾರಿಯಲ್ಲಿ ಸಾಗಿಸಿದರು. ಬಾವಿಯ ಮೇಲಿನ ಪೊರೆಯನ್ನು ಬಿಳಿ ಹಾಸುಗಳಿಂದ ಹೀರಿಸಿ ತೆಗೆದರು. ಕೆಟ್ಟ ನೀರನ್ನು ಪಂಪ್ ಮಾಡಿ ಟ್ಯಾಂಕರಿಗೆ ತುಂಬಿ ಕಳಿಸಿದರು. ಆಮೇಲೆ, ಮೀನಿನ ತೊಟ್ಟಿಗೆ ಬಿಡುವ ಹಾಗೆ, ಬಾವಿಯ ತಳಕ್ಕೆ ಗಾಳಿ ಬಿಟ್ಟರು. ನೀರು ಹಗಲೆಲ್ಲ ಗುಳುಗುಳು ಎನ್ನುತ್ತಿತ್ತು. "ಗಂಗಮ್ಮ ಹುಕ್ಕಾ ಸೇದ್ತಾವ್ಳೆ" ಎಂದು ಅಜ್ಜಿ ಬಂದವರಿಗೆಲ್ಲ ತೋರಿಸುತ್ತಿದ್ದರು.

ಗಿರಿರಾಜ್ ಪ್ರತಿ ಸೋಮವಾರ ಬರುತ್ತಿದ್ದ. ಬಾವಿಯ ನೀರನ್ನು ಸಣ್ಣ ಸೀಸೆಯಲ್ಲಿ ತುಂಬಿ, ಪೈಪುಗಳ ಬಾಯಿಗೆ ಮೀಟರ್ ಹಿಡಿದು, ಕೆಲಸ ಮುಗಿದ ಮೇಲೂ ಯಾವುದೋ ಗಿಡದ ಹೆಸರು ಕೇಳುತ್ತ ನಿಲ್ಲುತ್ತಿದ್ದ. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದ.

"ಹೋದ ವಾರಾನೂ ಇದನ್ನೇ ಕೇಳಿದ್ರಿ. ಪಾರಿಜಾತ."

"ಹೂ ಬಿಟ್ಟಾಗ ಬೇರೆ ಥರ ಕಾಣುತ್ತೆ, ಅದಕ್ಕೆ."

"ಹೂ ಇನ್ನೂ ಬಿಟ್ಟಿಲ್ಲ."

"ಬಿಡುತ್ತಲ್ಲ. ನಾನು ಅಡ್ವಾನ್ಸಾಗಿ ಕೇಳ್ತಿದೀನಿ."

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ಅಜ್ಜಿ ಅವನನ್ನು ಊಟಕ್ಕೆ ಕೂರಿಸಿದರು. ಮನೆಯಲ್ಲಿ ಕೋಳಿ ಸಾರು ಮಾಡಿದ್ದರು. ಆದರೆ ಅವನ ತಟ್ಟೆಗೆ ಬಿದ್ದದ್ದು ಉಪ್ಪುಸಾರು, ಅದೂ ಬೇರೆ ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ ಮಾಡಿದ್ದು.

"ನನಗೋಸ್ಕರ ಯಾಕಜ್ಜಿ ಇಷ್ಟೆಲ್ಲ?"

"ನಿಮ್ಮೋರು ತಿನ್ನಾಕಿಲ್ಲ ಅಂತ ಗೊತ್ತು ಬುಡಪ್ಪ. ಆದ್ರೆ ಮುದ್ದೆ ಮಾತ್ರ ನುಂಗ್ಬೇಕು. ಅಗ್ದ್ರೆ ಈ ಮನ್ಯಾಗೆ ಎಣ್ಣು ಕೊಡಾಕಿಲ್ಲ."

ಮಾತು ತಮಾಷೆಗೆ ಬಂದದ್ದೇ. ಆದರೂ ಸೌಟು ಹಿಡಿದಿದ್ದ ಕೀರ್ತನಾಳ ಕೈ ಗಾಳಿಯಲ್ಲೇ ನಿಂತಿತು. ದಾವಣಗೆರೆಯ ರೊಟ್ಟಿ ತಿಂದು ಬೆಳೆದ ಗಿರಿರಾಜ್ ಒಂದು ದೊಡ್ಡ ತುತ್ತು ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ನುಂಗಿದ. ಅದು ಗಂಟಲಿನಲ್ಲಿ ಇಳಿಯುವುದನ್ನು ಅಜ್ಜಿ, ತಾತ, ಕೀರ್ತನಾ ಮೂವರೂ ಉಸಿರು ಬಿಗಿಹಿಡಿದು ನೋಡಿದರು. ಅವನ ಕಣ್ಣಲ್ಲಿ ನೀರು ಬಂತು. "ಚೆನ್ನಾಗಿದೆ," ಎಂದ, ದನಿಯೇ ಇಲ್ಲದೆ.

ಕೀರ್ತನಾ ಅಡುಗೆಮನೆಗೆ ಓಡಿದಳು. ನಗು ಒಳಗಿನಿಂದ ಬಹಳ ಹೊತ್ತು ಕೇಳುತ್ತಿತ್ತು.

ಅದಾಗಿ ಕೆಲವು ದಿನಕ್ಕೆ ದುಂಡಪ್ಪ ಕಾಂಪೌಂಡಿನ ಆಚೆಯಿಂದಲೇ ಕೂಗಿ ಕೇಳಿದರು: "ತಂಗಿ, ಈ ಇಂಜಿನಿಯರಪ್ಪ ವಾರಾವಾರ ಯಾಕ ಬರ್ತಾನ? ತಿಂಗಳಿಗೊಮ್ಮೆ ನೋಡಿದ್ರ ಸಾಕಂತ ಅವ್ರ ಆಫೀಸಿನವ್ರ ನನಗ ಹೇಳ್ಯಾರಲ್ಲ!"

ಮುಂದಿನ ಸೋಮವಾರ ಅವನು ಸೀಸೆ ತುಂಬುವಾಗ ಅವಳು ಹಿಂದೆ ಬಂದು ನಿಂತಳು. "ತಿಂಗಳಿಗೊಂದ್ಸಲ ಸಾಕಂತೆ?"

ಸೀಸೆಯ ಮುಚ್ಚಳ ಅವನ ಕೈಜಾರಿ ಬಾವಿಗೆ ಬಿತ್ತು. "ಹೌದು. ಉಳಿದ ಮೂರು ವಾರದ್ದು... ನಾನು ಸ್ವಂತ ಖುಷಿಗೆ ಮಾಡ್ತಿರೋದು."

"ಖುಷಿ ಯಾರಿಗೆ, ಬಾವಿಗಾ?"

ಅವನು ಬಾವಿಯೊಳಕ್ಕೆ ಬಗ್ಗಿ ಮುಚ್ಚಳ ಹುಡುಕುತ್ತಿರುವವನಂತೆ ನಟಿಸಿದ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. ಅವಳು ಆ ಕೆಂಪನ್ನು ಆ ವಾರವೆಲ್ಲ ನೆನೆದುಕೊಂಡಳು.

*

ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆ ತುಂಬಿ, ಬಾವಿಗೆ ಹೊಸ ನೀರು ಬಂತು. ಮೀಟರಿನ ಅಂಕಿ ಪ್ರತಿ ವಾರ ಇಳಿಯಿತು. ಇಳಿದಾಗಲೆಲ್ಲ ಅಜ್ಜಿ ಕೈ ಮುಗಿಯುತ್ತಿದ್ದರು, ತಾತ ಮೀಸೆ ತೀಡುತ್ತಿದ್ದರು. ಕೀರ್ತನಾಳೂ ನಗುತ್ತಿದ್ದಳು. ಆದರೆ ಅವನು ಬೈಕ್ ಹತ್ತಿ ಮಾಗಡಿ ರೋಡಿನ ಕಡೆ ತಿರುಗಿದ ಮೇಲೆ, ಆ ಅಂಕಿಯನ್ನು ಮತ್ತೆ ನೆನೆದು ಗೇಟಿನ ಬಳಿಯೇ ನಿಂತುಬಿಡುತ್ತಿದ್ದಳು. ಬಾವಿ ಉಳಿಯಬೇಕು. ಬಾವಿ ಉಳಿದರೆ ಅವನಿಗೆ ಬರಲು ಕಾರಣ ಉಳಿಯುವುದಿಲ್ಲ. ಯಾವುದು ಇಳಿಯಲಿ, ಯಾವುದು ನಿಲ್ಲಲಿ ಎಂದು ದೇವರಲ್ಲಿ ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ.

"ಸೊನ್ನೆ ಬಂದ್ಮೇಲೆ ಏನ್ ಮಾಡ್ತೀರಿ?" ಎಂದು ಒಮ್ಮೆ ಕೇಳಿದ್ದಳು.

"ಲ್ಯಾಬಿಂದಾನೂ ಕ್ಲೀನ್ ಅಂತ ಬಂದ್ರೆ, ನೆಟ್ಟಿರೋ ಪೈಪ್‌ಗಳಿಗೆ ಸಿಮೆಂಟ್ ತುಂಬಿ ಬಾಯಿ ಮುಚ್ತೀವಿ. ಫೈಲೂ ಮುಚ್ತೀವಿ."

"ಆಮೇಲೆ?"

"ಆಮೇಲೆ ಬೇರೆ ಊರು, ಬೇರೆ ಬಂಕು." ಅವನು ಬಹಳ ಹೊತ್ತು ಮೀಟರಿನ ಪಟ್ಟಿಯನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ರಾಜ್ಯೋತ್ಸವದ ದಿನ ದುಂಡಪ್ಪನವರ ಬಂಕಿನ ಮೂಲೆಯಲ್ಲಿ ಡ್ರಮ್ಮಿನೊಳಗೆ ನಿಂತ ಕಂಬದ ಮೇಲೆ ಕೀರ್ತನಾ ತಂದ ಬಾವುಟ ಏರಿತು. ಕಾರ್ತೀಕದ ಮೊದಲ ಸೋಮವಾರಗಳು ದೀಪವಿಲ್ಲದೆ ಕಳೆದವು. ಅಂಕಿ ಸೊನ್ನೆಯ ಹತ್ತಿರಕ್ಕೆ ಬಂದಿತ್ತು, ಸೊನ್ನೆಯಾಗಿರಲಿಲ್ಲ.

ಕಡೇ ಸೋಮವಾರ ಸಂಜೆ ಗಿರಿರಾಜ್ ಬಂದ. ಬೈಕಿನ ಮುಂದೆ ಒಂದು ಸಿಮೆಂಟ್ ಚೀಲ, ಹಿಂದೆ ಅವನ ಅಮ್ಮ.

ಕೀರ್ತನಾಳಿಗೆ ಅಮ್ಮ ಆಮೇಲೆ ಕಂಡರು. ಮೊದಲು ಕಂಡದ್ದು ಸಿಮೆಂಟ್.

"ನಮ್ಮ ತಾಯಿ, ಜಯದೇವಿ ಅಂತ," ಎಂದ ಅವನು, ಯಾಕೋ ತಡವರಿಸುತ್ತ. "ಬಿಲ್ವಪತ್ರೆ ಸಸಿ ಬೇಕು ಅಂತಿದ್ರು."

"ನಾವಿರೋ ಮಹಾಲಕ್ಷ್ಮಿ ಲೇಔಟಲ್ಲಿ ಎಷ್ಟ್ ನರ್ಸರಿ ಇಲ್ಲ," ಎಂದರು ಜಯದೇವಿ, ಸೆರಗು ಸರಿಮಾಡಿಕೊಳ್ಳುತ್ತ. "ಅಲ್ಲೆಲ್ಲ ಬಿಲ್ವಪತ್ರೆ ಬರಲ್ವಂತೆ, ಹೇರೋಹಳ್ಳೀಲಿ ಮಾತ್ರ ಬರೋದಂತೆ. ಒಂಬತ್ತು ತಿಂಗಳಿಂದ ನಮ್ಮ ಮನೇಲಿ ಇದೇ ಊರಿನ ಮಾತು. ನೋಡ್ಕೊಂಡೇ ಬರೋಣ ಅಂತ ಬಂದೆ."

"ಬಾರವ್ವ, ಒಳ್ಳೇದಾಯ್ತು," ಎಂದು ವೆಂಕಟಲಕ್ಷ್ಮಮ್ಮ ಅವರ ಕೈ ಹಿಡಿದು ಜಗುಲಿಗೆ ಕರೆದುಕೊಂಡರು. ಇಬ್ಬರ ತಲೆಗಳೂ ತಕ್ಷಣವೇ ಹತ್ತಿರವಾದವು.

ಗಿರಿರಾಜ್ ಬಾವಿಗೆ ಬಗ್ಗಿ ಮೀಟರ್ ಇಳಿಸಿದ. ಮೇಲೆತ್ತಿದ. ಎಲ್ಲರೂ ಸುತ್ತ ನಿಂತಿದ್ದರು. ಅವನು ಈ ಸಲ ಮೊದಲು ಕೀರ್ತನಾಳನ್ನು ನೋಡಿದ. ಆಮೇಲೆ ಮೀಟರನ್ನು.

"ಸೊನ್ನೆ," ಎಂದ. "ಲ್ಯಾಬಿನ ರಿಪೋರ್ಟೂ ಬೆಳಿಗ್ಗೆ ಬಂತು. ಬಾವಿ ಕ್ಲೀನ್."

ಕೆಂಚಪ್ಪನವರು "ಶಿವನೇ" ಎಂದು ಉಸಿರುಬಿಟ್ಟರು. ಅದರ ಬೆನ್ನಿಗೇ ಕೀರ್ತನಾಳ ದನಿ ಕೇಳಿತು.

"ನಂಗಿನ್ನೂ ವಾಸನೆ ಬರ್ತಿದೆ."

ಎಲ್ಲರೂ ತಿರುಗಿದರು. ಅವಳು ಸೆಟೆದು ನಿಂತಿದ್ದಳು. ಕೆನ್ನೆ ಕೆಂಡದಂತಾಗಿತ್ತು. ಕಣ್ಣು ಮಾತ್ರ ಸಿಮೆಂಟ್ ಚೀಲದ ಮೇಲಿತ್ತು.

ಗಿರಿರಾಜ್ ಮೀಟರಿನ ಸೊನ್ನೆಯನ್ನು ನೋಡಿದ. ಅವಳನ್ನು ನೋಡಿದ. ತನ್ನ ಕೆಲಸದಲ್ಲಿ ಯಾವತ್ತೂ ಇಲ್ಲದ್ದನ್ನು ಇದೆಯೆಂದು ಹೇಳದವನು ಗಂಟಲು ಸರಿಮಾಡಿಕೊಂಡ.

"ಹೌದು," ಎಂದ. "ನನಗೂ... ಸ್ವಲ್ಪ ಬರ್ತಿದೆ. ಇನ್ನೊಂದಷ್ಟು ದಿನ ಬಂದು ನೋಡ್ಬೇಕಾಗುತ್ತೆ."

ಕೆಂಚಪ್ಪನವರ ಹುಬ್ಬು ಮೇಲೇರಿತು. "ಅಂಗಾರೆ ನನ್ನ ಮಾತಂಗೆ ನಾಳೀಕೇ ಮಣ್ಣು ಒಡ್ಸಿ ಮುಚ್ಸ್‌ಬುಡ್ಲಾ?"

"ಬೇಡ!"

ಇಬ್ಬರೂ ಒಟ್ಟಿಗೇ ಕೂಗಿದ್ದರು. ಕೂಗಿದ ಮೇಲೆ ಇಬ್ಬರೂ ನೆಲ ನೋಡಿದರು.

ಜಗುಲಿಯ ಮೇಲಿದ್ದ ಜಯದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವೆಂಕಟಲಕ್ಷ್ಮಮ್ಮ ಮೆಲ್ಲಗೆ ಎದ್ದು ಬಂದು, ಬಾವಿಯೊಳಕ್ಕೆ ಬಗ್ಗಿ, ಮೂಗರಳಿಸಿ ಒಂದು ದೀರ್ಘ ಉಸಿರೆಳೆದರು.

"ನೀರು ನೀರ್ನಂಗೆ ಐತೆ. ಇವ್ರಿಬ್ರಿಗೂ ಮೂಗು ಕೆಟ್ಟೈತೆ," ಎಂದರು. "ಬಾರಮ್ಮಿ, ಒತ್ತು ಮುಣುಗ್ತಾ ಐತೆ. ಈ ಸಲ ದೀಪ ನೀನೇ ಅಚ್ಚು."

"ನಾನಾ?"

"ನನ್ಗೆ ಮಂಡಿ ನೋವು."

ಬೆಳಿಗ್ಗೆಯಷ್ಟೇ ಅಜ್ಜಿ ಅದೇ ಮಂಡಿಯ ಮೇಲೆ ಕುಳಿತು ಅಂಗಳ ಸಾರಿಸಿದ್ದರು. ಕೀರ್ತನಾ ಮಣ್ಣಿನ ಹಣತೆಗೆ ಎಣ್ಣೆ ಹಾಕಿ, ಬತ್ತಿ ಇಟ್ಟು, ಬಾವಿಕಟ್ಟೆಯ ಮೇಲೆ ಬಾಗಿದಳು. ಕೆರೆಯ ಕಡೆಯಿಂದ ಸಂಜೆಯ ಗಾಳಿ ಬೀಸುತ್ತಿತ್ತು. ಅವಳು ಅಭ್ಯಾಸದಂತೆ ತಾತನ ಕಡೆ ನೋಡಿದಳು.

ಕೆಂಚಪ್ಪನವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. "ನನ್ನ ಕೈ ಈಗೀಗ ನಡುಗ್ತದೆ," ಎಂದರು. ಬಂಡೆಯಂಥ ಕೈಗಳು ಅವು. "ಇಂಜಿನಿಯರ್ರೇ, ನೀವು ಇಡ್ಕಳಿ."

ಗಿರಿರಾಜ್ ಬೆಂಕಿಪೆಟ್ಟಿಗೆ ನೋಡಿ ನಿಂತಲ್ಲೇ ನಿಂತ. "ನಾನಾ? ಮನೆಯವರೇ ಹಿಡೀಬೇಕು ಅಂತ ಅಜ್ಜಿ ಹೇಳಿದ್ರಲ್ಲ."

"ನಾ ಏಳಿದ್ದು ನಂಗೆ ನೆಪ್ಪೈತೆ," ಎಂದರು ಅಜ್ಜಿ.

ಅವನು ಅಮ್ಮನ ಕಡೆ ನೋಡಿದ. ಜಯದೇವಿ ಬಿಲ್ವಪತ್ರೆಯ ಸಸಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. "ಏನೋ ಹಾಗೆ ನೋಡ್ತೀಯ? ಗಾಳಿ ಬೀಸ್ತಿದೆ, ಹೋಗೋ."

ಅವನು ಬಂದು ಎದುರಿಗೆ ಬಾಗಿದ. ಹೆಲ್ಮೆಟ್ಟಿನ ಕೆಂಪು ಗೆರೆ ಹಣೆಯ ಮೇಲೆ ಹಾಗೇ ಇತ್ತು. ಎರಡು ಕೈಗಳು ಹಣತೆಯ ಸುತ್ತ ಬೊಗಸೆಯಾದವು.

"ಈ ಸಲ ನೀರ್ ಸುರಿಯಲ್ಲ ತಾನೇ?" ಎಂದಳು ಅವಳು, ಅವನಿಗಷ್ಟೇ ಕೇಳುವಂತೆ.

"ಮೀಟರ್ ಸೊನ್ನೆ ಇದೆ. ಆಗ ಸುಳ್ಳು ಹೇಳಿದೆ."

"ನಾನೂ."

"ಗೊತ್ತು. ಮುಖದ ಮೇಲೆ ರೀಡಿಂಗ್ ಬರ್ತಿತ್ತು." ಅವನ ದನಿ ಇನ್ನೂ ತಗ್ಗಿತು. "ಕೀರ್ತನಾ, ಬಾವಿ ಫೈಲ್ ಇವತ್ತು ಮುಚ್ತೀನಿ. ಸೋಮವಾರ ಮಾತ್ರ ಬರ್ತೀನಿ. ಸುಮ್ನೆ. ನಿಮ್ಮನ್ನ ನೋಡೋಕೆ."

ಅವಳ ಕೈಯಲ್ಲಿ ಕಡ್ಡಿ ಉರಿಯುತ್ತಿತ್ತು. "ಸೋಮವಾರ ಮಾತ್ರಾನಾ?" ಎಂದಳು.

ಅವನು ನಕ್ಕ. ಬೊಗಸೆ ಅಲುಗಿತು. "ಕೈ ಗಟ್ಟಿಯಾಗಿ ಇಡ್ಕಳಪ್ಪೋ," ಎಂದು ಅಜ್ಜಿ ಹಿಂದಿನಿಂದ ಗದರಿದರು. ಅವನು ಕೈ ಬಿಗಿಮಾಡಿದ. ಅವಳು ಬತ್ತಿಗೆ ಕಡ್ಡಿ ತಾಗಿಸಿದಳು. ದೀಪ ಒಮ್ಮೆ ಬಾಗಿ, ಹಿಂಜರಿದು, ಅವನ ಅಂಗೈಗಳ ನಡುವೆ ನೆಟ್ಟಗೆ ನಿಂತಿತು. ಕೆಳಗೆ, ತಿಳಿಯಾದ ಕಪ್ಪು ನೀರಿನಲ್ಲಿ, ಇನ್ನೊಂದು ದೀಪ ಹೊತ್ತಿಕೊಂಡಿತು.

ಬತ್ತಿ ಚೆನ್ನಾಗಿ ಹತ್ತಿಕೊಂಡಿತ್ತು. ಇನ್ನು ಕೈ ತೆಗೆಯಬಹುದಿತ್ತು. ಅವನು ತೆಗೆಯಲಿಲ್ಲ, ಅವಳು ತೆಗೆಯಿರಿ ಎನ್ನಲೂ ಇಲ್ಲ.